ತಮ್ಮನ ಕರಡಿಗೆ

ಎಪ್ಪತ್ತರ ದಶಕದ ಮಾತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಅಫೀಮಿನ ಚಟ ಬಿಡಿಸಿಕೊಂಡ ನನ್ನ ತಮ್ಮ ಕುರುಗೋಡಿನ ನಮ್ಮ ಮನೆಗೆ ಬಂದ. ಹಳೆಯ ಗೆಳೆಯರನ್ನು ಹತ್ತಿರ ಸೇರಿಸಬೇಡಿ, ಒಬ್ಬನನ್ನೇ ಬಿಡಬೇಡಿ ಎಂದಷ್ಟೇ ಡಾಕ್ಟರು ಹೇಳಿದ್ದರು. ಅವನ ಹೆಂಡತಿ ಮಗುವನ್ನು ಕಟ್ಟಿಕೊಂಡು ಸಿರುಗುಪ್ಪದ ತವರು ಸೇರಿದ್ದಳು. ಹೋಗುವಾಗ ನನ್ನ ಕೈ ಹಿಡಿದು, "ಅವರು ಆಣಿ ಮಾಡಿದ್ರೂ ನಂಬಂಗಿಲ್ರಿ ಅಕ್ಕಾರ. ನೀವು ಬಾ ಅಂದ್ರ ಬರ್ತೀನಿ" ಎಂದಿದ್ದಳು. ಅವನ ಸಂಸಾರ ನನ್ನ ಒಂದು ಮಾತಿನ ಮೇಲೆ ನಿಂತಿತ್ತು.

ಮೊದಲೇ ನಾನು ಅನುಮಾನದ ಹೆಂಗಸು. ಕಣ್ಣೆದುರಿಗೇ ಕರೆದುಕೊಟ್ಟ ಹಾಲಿನಲ್ಲೂ ನೀರು ಹುಡುಕುವವಳು. ಇನ್ನು ಇವನನ್ನು ಬಿಡುತ್ತೇನೆಯೇ? ಅಂಗಿಯ ಜೇಬು, ತಲೆದಿಂಬು, ಎಲೆಯಡಿಕೆ ಚೀಲ ಎಲ್ಲವನ್ನೂ ಮೂಸಿದೆ. ಅವನು ಆಕಳಿಸಿದರೆ ಅನುಮಾನ, ಆಕಳಿಸದಿದ್ದರೆ ಇನ್ನೂ ದೊಡ್ಡ ಅನುಮಾನ. ನಗುನಗುತ್ತಾ ಒಂದು ರೊಟ್ಟಿ ಹೆಚ್ಚಿಗೆ ತಿಂದ ದಿನವಂತೂ ನನಗೇ ಊಟ ಸೇರಲಿಲ್ಲ. "ಪೊಲೀಸ್ ಖಾತೆದವ್ರು ನಿನ್ನ ಕಳಕೊಂಡ್ರು ನೋಡು" ಎಂದು ನನ್ನ ಗಂಡ ನಗುತ್ತಿದ್ದರು. ನಗಲಿ, ಅವರಿಗೇನು!

ಮೂಸದೆ ಉಳಿದದ್ದು ಅವನ ಕೊರಳಲ್ಲಿದ್ದ, ಇಷ್ಟಲಿಂಗವಿಡುವ ಬೆಳ್ಳಿಯ ಕರಡಿಗೆ ಮಾತ್ರ. ಒಬ್ಬರ ಇಷ್ಟಲಿಂಗವನ್ನು ಇನ್ನೊಬ್ಬರು ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ. ಒಡಹುಟ್ಟಿದ ಅಕ್ಕನಾದರೂ ಅಷ್ಟೇ. ನಾವೆಲ್ಲ ಪಡಸಾಲೆಯಲ್ಲಿ ಸಾಲಾಗಿ ಕೂತು ಪೂಜೆ ಮಾಡಿಕೊಂಡರೆ ಇವನೊಬ್ಬ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ಕೂತರೆ ಬೇಗ ಏಳುವವನಲ್ಲ. ಪೂಜೆಯೆಂದರೆ ಹಿತ್ತಿಲಿಗೆ ಓಡುತ್ತಿದ್ದವನಿಗೆ ಈಗ ಎಲ್ಲಿಂದ ಬಂತು ಈ ಭಕ್ತಿ? ಅಫೀಮು ಅದರೊಳಗೇ ಇದೆ ಎಂದು ನನ್ನ ಮನಸ್ಸು ಬಡಿದುಕೊಳ್ಳುತ್ತಿತ್ತು.

ಒಂದು ಮುಂಜಾನೆ ಅವನ ಹೆಂಡತಿಯ ಅಣ್ಣ ಸಿರುಗುಪ್ಪದಿಂದ ಮೊದಲ ಬಸ್ಸಿಗೇ ಬಂದಿಳಿದರು. "ಅಕ್ಕಾರ, ತಂಗಿ ಕೇಳ್ಯಾಳ. ಬರಲೋ ಬ್ಯಾಡೋ? ಇವತ್ತ ಏನರ ಒಂದು ಹೇಳಿಬಿಡ್ರಿ" ಎಂದರು. ತಮ್ಮ ಆಗ ಮೂಲೆಯಲ್ಲಿ ಪೂಜೆಗೆ ಕೂತಿದ್ದ. ನನಗೆ ತಡೆಯಲಾಗಲಿಲ್ಲ. ನೆಟ್ಟಗೆ ಹೋಗಿ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದೆ.

ಕೈಯಲ್ಲಿ ಲಿಂಗವೇ ಇರಲಿಲ್ಲ! ಬರಿ ಅಂಗೈಗೆ ವಿಭೂತಿ ಹಚ್ಚಿ, ಅದರ ಮೇಲೊಂದು ಹೂವಿಟ್ಟುಕೊಂಡು ಕೂತಿದ್ದ.

"ಅಫೀಮಿನ ಉಂಡಿ ಇಡಾಕ ಜಾಗ ಬೇಕಿತ್ತಕ್ಕ," ಎಂದ, ತಲೆಯೆತ್ತದೆ. "ಆವಾಗ ಲಿಂಗಾ ತಗದು ಎಲ್ಲಿಟ್ನೋ ನೆನಪಿಲ್ಲ. ಯಾರ ಮುಂದ ಹೇಳ್ಲಿ?" ಕರಡಿಗೆಯನ್ನು ಕೊರಳಿಂದ ತೆಗೆದು ನನ್ನ ಕೈಗಿಟ್ಟ. ಖಾಲಿ.

ಲಿಂಗ ಕಳೆದುಕೊಂಡವನನ್ನು ಪಂಕ್ತಿಯಲ್ಲಿ ಕೂರಿಸಿಕೊಳ್ಳಲೂ ನಮ್ಮ ಜನ ಹಿಂದೆಮುಂದೆ ನೋಡುತ್ತಾರೆ. ಈ ಸಂಕಟವನ್ನು ಒಬ್ಬನೇ ನುಂಗಿಕೊಂಡಿದ್ದನಲ್ಲ ಎಂದು ಅಳು ಬಂತು. ಅಳುತ್ತಲೇ ಕರಡಿಗೆಯನ್ನು ಮೂಗಿಗೆ ಹಿಡಿದು ಮೂಸಿದೆ. ಏನು ಮಾಡಲಿ, ನನ್ನ ಹುಟ್ಟುಗುಣ! ವಿಭೂತಿಯದಲ್ಲದೆ ಬೇರೆ ವಾಸನೆ ಇರಲಿಲ್ಲ.

ಅವನು ನೋಡಿಯೇಬಿಟ್ಟ. ಸಿಟ್ಟಾಗುತ್ತಾನೆ ಅಂದುಕೊಂಡೆ.

"ಮೂಸಕ್ಕ, ದಿನಾ ಮೂಸು," ಎಂದ. "ನೀ ನನ್ನ ಕಿಸೇದಾಗ ಕೈ ಹಾಕೂದು ಗೊತ್ತೈತಿ ನನಗ. ಅದಕ್ಕ ಇಷ್ಟು ದಿನಾ ತಡಕೊಂಡೀನಿ. ನೀ ನಂಬಿಬಿಟ್ಟ ದಿನಾ ಸತ್ತೆ ನಾನು."

ಅವನ ಹೆಂಡತಿಯ ಅಣ್ಣ ಬಾಗಿಲಲ್ಲೇ ನಿಂತಿದ್ದರು. ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದೆ: "ಬಾ ಅನ್ರಿ ಆಕಿಗೆ. ಬಂದ ಮ್ಯಾಲೂ ನಂಬಬ್ಯಾಡ ಅಂತ ಹೇಳ್ರಿ."