ಜಂಗಮಜ್ಜನ ಅರ್ಧ ಕಂಬಳಿ

ಹೋದ ವಾರ ಚಳ್ಳಕೆರೆ ಸಂತೆಯಲ್ಲಿ ದಪ್ಪನೆಯ ಹೊಸ ಕಂಬಳಿಯೊಂದನ್ನು ಬಿಡಿಸಿ ನೋಡಿದೆ. ನೂಲಿಗೆ ಹಾಕಿದ ಹುಣಸೆಬೀಜದ ಗಂಜಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ತಳಕಿನ ಕಂಬಳಿ ಮಾವ ಎದುರು ಬಂದು ಕೂತಂತಾಯಿತು...

ತೊಂಬತ್ತರ ದಶಕದಲ್ಲಿ ತಳಕಿನ ಶಾಲೆಗೆ ಟೀಚರಾಗಿ ಹೊಸದಾಗಿ ಹೋಗಿದ್ದೆ. ಬಾಡಿಗೆ ಮನೆಯ ಪಕ್ಕದಲ್ಲೇ ಅವರ ಮಗ್ಗ. ನನಗೆ ನೆಂಟರೇನಲ್ಲ, ಓಣಿಗೆಲ್ಲ ಮಾವ. ಬಾಯಿ ಮಾತ್ರ ಬಲು ಜೋರು. ಪ್ರತಿ ಶ್ರಾವಣದಲ್ಲಿ ಒಬ್ಬ ಜಂಗಮಜ್ಜ ಜಟಿಂಗ ರಾಮೇಶ್ವರದ ಗುಡ್ಡಕ್ಕೆ ನಡೆದು ಹೋಗುವಾಗ ಅವರ ಪಡಸಾಲೆಯಲ್ಲಿ ತಂಗುತ್ತಿದ್ದರು. ಹೆತ್ತ ತಂದೆಯ ಮುಖವೇ ನೆನಪಿಲ್ಲದ ಮಾವ, ಆ ಅಜ್ಜನನ್ನೇ ತಂದೆಯೆಂದುಕೊಂಡಿದ್ದರು. ಒಂದು ವರ್ಷ ಅಜ್ಜ ಕುಂಟುತ್ತ ಬಂದರು. ಮಾವ ತಾವು ನೇಯ್ದದ್ದರಲ್ಲೇ ದಪ್ಪನೆಯ ಕಂಬಳಿ ತಂದು ಹಾಸಿದರು.

“ಇದನ್ನ ಹೊದ್ಕಂಡು ಇಲ್ಲೇ ಇದ್ಬಿಡ್ರಿ ಅಜ್ಜಾರೆ. ಈ ಮಂಡಿ ಇಟ್ಕಂಡು ಇನ್ನೆಲ್ಲಿಗೆ ಹೋಗ್ತೀರಿ?”

ಅಜ್ಜ ಕಂಬಳಿ ಸವರಿದರು. “ಜಂಗಮ ಅಂದ್ರೆ ಹೋಗೋನು ಕಣಪ್ಪ. ಇಲ್ಲೇ ಉಳ್ಕಂಡ್ರೆ ಆ ಹೆಸ್ರು ನಂಗ್ಯಾಕೆ? ಇಷ್ಟು ಭಾರ ಹೊತ್ಕಂಡು ನಡೆಯಾಕೂ ಆಗಲ್ಲ.”

ಬೆಳಿಗ್ಗೆ ಕಂಬಳಿ ಮಡಿಸಿಟ್ಟು ಹೊರಟೇ ಹೋದರು. ಮಾವ ಅವತ್ತು ಮುದ್ದೆ ಮುಟ್ಟಲಿಲ್ಲ.

“ಆ ಮಾತು ದಿಟವೇನ್ರಿ ಮೇಡಮ್ಮಾರೆ?” ಎಂದು ನನ್ನನ್ನು ಕೇಳಿದರು. ಸಂಸ್ಕೃತದಲ್ಲಿ ‘ಗಮ್’ ಎಂದರೆ ಹೋಗು, ಜಂಗಮ ಅದರಿಂದಲೇ ಹುಟ್ಟಿದ ಪದ, ನಿಂತಲ್ಲೇ ನಿಂತದ್ದು ಸ್ಥಾವರ ಎಂದೆ.

“ಹಂಗಾರೆ ನಂದೇ ತಪ್ಪು ಬಿಡ್ರಿ. ಹೋಗೋರಿಗೆ ಕೂರೋರ ಕಂಬಳಿ ಕೊಟ್ಟೆ” ಎಂದು ಮಗ್ಗದ ಗುಂಡಿಗೆ ಇಳಿದರು.

ಈ ಸಲ ನೇಯ್ದದ್ದು ಹಗುರ ಕಂಬಳಿ: ಕುರಿಮರಿಯ ಮೊದಲ ಉಣ್ಣೆ, ಸಣ್ಣ ನೂಲು, ಅಳತೆಯಲ್ಲಿ ಅರ್ಧ. ಅಂಥದ್ದನ್ನು ಸಂತೆಯಲ್ಲಿ ಯಾರೂ ಮೂಸಿ ನೋಡುವುದಿಲ್ಲವೆಂದು ಓಣಿಯವರು ಕಿಚಾಯಿಸಿದರು. ಮುಂದಿನ ಶ್ರಾವಣದಲ್ಲಿ ಅಜ್ಜ ಇನ್ನಷ್ಟು ಕುಂಟುತ್ತ ಬಂದಾಗ, ಮಾವ ಅದನ್ನು ಅವರ ಹೆಗಲಿಗೆ ಹಾಕಿ “ಹೋಗಿ ಬರ್ರಿ” ಎಂದರು. ಇರಿ ಎನ್ನಲಿಲ್ಲ. ಕಣ್ಣು ತುಂಬಿತ್ತು, ಆದರೂ ಎನ್ನಲಿಲ್ಲ. ಅಂಥ ದೊಡ್ಡ ಮನಸ್ಸನ್ನು ನಾನು ಮತ್ತೆ ಕಂಡಿಲ್ಲ.

ಅಜ್ಜ ಆಮೇಲೆ ಬರಲೇ ಇಲ್ಲ... ಮಾವ ಮಾತ್ರ ವರ್ಷಕ್ಕೊಂದು ಅರ್ಧ ಕಂಬಳಿ ನೇಯ್ದು, ಆ ಗುಡ್ಡಕ್ಕೆ ನಡೆದು ಹೋಗುವ ಯಾರಾದರೂ ವಯಸ್ಸಾದವರಿಗೆ ಹೊದಿಸುತ್ತಿದ್ದರು. ಈಗ ಅವರೂ ಇಲ್ಲ.

“ಅರ್ಧ ಕಂಬಳಿ ಐತೇನ್ರಿ?” ಎಂದು ಸಂತೆಯವನನ್ನು ಕೇಳಿದೆ.

“ಅರ್ಧ ತಗಂಡು ಏನ್ ಮಾಡ್ತೀರವ್ವ?” ಎಂದು ನಕ್ಕ.

ದಪ್ಪನೆಯದನ್ನು ಮಡಿಸಿಟ್ಟು ಹೊರಟು ಬಂದೆ.