ಇಳಿಜಾರಿನ ಉಳಿತಾಯ

೨೦೨೨ನೇ ಇಸವಿ ಮಾರ್ಚ್ ೨೨, ಮಂಗಳವಾರ. ಚಳಿ ಕಳೆದು ಬಿಸಿಲು ಬಲಿಯತೊಡಗಿದ್ದ ದಿನಗಳು. ಬೆಳಗಿನಿಂದಲೇ ಒಣಗಾಳಿ ಎದ್ದು ರಸ್ತೆಯ ದೂಳನ್ನೆಲ್ಲ ಕಟ್ಟಡಗಳ ಒಳಕ್ಕೆ ತಳ್ಳುತ್ತಿತ್ತು. ಚಾಲನಾ ಪರವಾನಗಿ ಕಚೇರಿಯ ಅಂಗಳದಲ್ಲಿ ಡ್ರೈವಿಂಗ್ ಮೇಷ್ಟ್ರು ತಮ್ಮ ಹಳೆಯ ಕಾರಿನ ಗಾಜನ್ನು ಒರೆಸಿದ್ದನ್ನೇ ಒರೆಸುತ್ತ ನಿಂತಿದ್ದರು.

ಅವರದು ಒಂದೇ ಕಾರಿನ ಶಾಲೆ. ಕಲಿಯುವವರು ಪೂರ್ತಿ ಶುಲ್ಕವನ್ನು ಮೊದಲೇ ಕಟ್ಟಿಬಿಡುತ್ತಿದ್ದುದರಿಂದ, ನಡುವೆ ಪೆಟ್ರೋಲಿನ ಬೆಲೆ ಏರಿದರೆ ಆ ಏರಿಕೆ ಮೇಷ್ಟ್ರ ತಲೆಯ ಮೇಲೆಯೇ ಬೀಳುತ್ತಿತ್ತು. ಶುಲ್ಕ ಹೆಚ್ಚಿಸೋಣವೆಂದರೆ, ರಸ್ತೆಯ ಆಚೆ ಬದಿಯ ದೊಡ್ಡ ಶಾಲೆಯವನು ಅದೇ ತಿಂಗಳು ತನ್ನ ಶುಲ್ಕವನ್ನು ಇಳಿಸಿ ಕುಳಿತಿದ್ದ. ಹೀಗಾಗಿ ಮೇಷ್ಟ್ರು ಉಳಿತಾಯಕ್ಕೆ ಟೊಂಕಕಟ್ಟಿದರು. ಗಾಳಿಗೆ ಅಡ್ಡವಾಗುತ್ತದೆಂದು ಕಾರಿನ ನೆತ್ತಿಯ ಮೇಲಿದ್ದ ಶಾಲೆಯ ಫಲಕವನ್ನು ಬಿಚ್ಚಿದರು. ಭಾರ ತಗ್ಗಲೆಂದು ಸ್ಟೆಪ್ನಿಯನ್ನು ಮನೆಯ ಮಂಚದಡಿ ಸೇರಿಸಿದರು. ಗೇರು ಬದಲಿಸುವ ಪಾಠ ನಿಂತ ಕಾರಿನಲ್ಲಿಯೇ ನಡೆಯತೊಡಗಿತು. ಎಂಜಿನ್ನಿನ ಸದ್ದನ್ನು ಮೇಷ್ಟ್ರು ಬಾಯಿಂದಲೇ ಹೊರಡಿಸುತ್ತಿದ್ದರು. ಅವರ ಹೆಂಡತಿ ಕಿಟಕಿಯಿಂದ ಇಣುಕಿ, "ಕಾರನ್ನ ಉಪವಾಸ ಹಾಕಿ ನೀವ್ಯಾಕ್ರೀ ಗುಡುಗ್ತೀರಿ? ಗಂಟ್ಲು ಕೆಟ್ರೆ ಬಿಸಿನೀರಿಗೂ ಗ್ಯಾಸ್ ಬೇಕು" ಎಂದು ಛೇಡಿಸಿದ್ದುಂಟು.

ಇವೆಲ್ಲಕ್ಕಿಂತ ದೊಡ್ಡ ಉಳಿತಾಯ ಇಳಿಜಾರಿನಲ್ಲಿತ್ತು. ನೀರಿನ ಟ್ಯಾಂಕಿನಿಂದ ಮಾರುಕಟ್ಟೆಯವರೆಗೆ ರಸ್ತೆ ಒಂದೇ ಸಮನೆ ಇಳಿಯುತ್ತಿತ್ತು. ನೆತ್ತಿಯಲ್ಲಿ ಗೇರನ್ನು ನ್ಯೂಟ್ರಲ್‌ಗೆ ತಂದು, ಕೀಲಿಯನ್ನು ಒಂದು ಹಲ್ಲು ಹಿಂದಕ್ಕೆ ತಿರುಗಿಸಿ ಎಂಜಿನ್ ಆರಿಸಿದರೆ ಕಾರು ಬಿಟ್ಟಿಯಾಗಿ ಕೆಳಗಿಳಿಯುತ್ತಿತ್ತು. ಎಂಜಿನ್ ನಿಂತ ಕಾರಿನಲ್ಲಿ ಎರಡು ಸಲ ಒತ್ತುವಷ್ಟರಲ್ಲಿ ಬ್ರೇಕು ಕಲ್ಲಾಗುತ್ತದೆಂಬುದು ಅವರಿಗೆ ತಿಳಿಯದ ವಿಷಯವೇನಲ್ಲ. ಆದರೂ ಪ್ರತಿಯೊಬ್ಬರಿಗೂ ಹಾಗೆಯೇ ಇಳಿಸುವುದನ್ನು ರೂಢಿ ಮಾಡಿಸಿ, ಪರೀಕ್ಷೆಯ ಹಿಂದಿನ ದಿನದ ಪಾಠದಲ್ಲಿ ಮಾತ್ರ ಎಂಜಿನ್ ಆರಿಸದೆ ಇಳಿಸಿ, ನಾಳೆ ಕೀಲಿಯನ್ನು ಮುಟ್ಟಕೂಡದೆಂದು ಕಟ್ಟಪ್ಪಣೆ ಮಾಡುತ್ತಿದ್ದರು.

ಅಂದು ಪರೀಕ್ಷೆಗೆ ಬಂದಿದ್ದವಳು ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯ ಇಸ್ತ್ರಿ ಅಕ್ಕ. ಹಬೆಯ ಕೋಣೆಯಲ್ಲಿ ದುಡಿದು ದುಡಿದು ಆಕೆಯ ಶ್ವಾಸಕೋಶ ಸೋತಿತ್ತು. ಆ ಕೋಣೆ ಬಿಡದಿದ್ದರೆ ಔಷಧಿಯೂ ಕೈಬಿಡುತ್ತದೆಂದು ವೈದ್ಯರು ಹೇಳಿದ್ದರು. ಏಪ್ರಿಲ್ ಒಂದರೊಳಗೆ ಪರವಾನಗಿ ತಂದರೆ ಲಾಂಡ್ರಿಯ ವ್ಯಾನು ಓಡಿಸುವ ಕೆಲಸ ಅವಳಿಗೆ, ಇಲ್ಲವಾದರೆ ಹೊರಗಿನವನಿಗೆ ಎಂದು ಮಾಲೀಕ ಗಡುವು ಕೊಟ್ಟಿದ್ದ. ಹಿಂದಿನ ದಿನ, ಅಂದರೆ ೨೧ರ ಸೋಮವಾರ, ಕಾರಿನ ಪೆಟ್ರೋಲ್ ಮುಳ್ಳು ಕೆಂಪು ಗೆರೆಗಿಳಿದಿದ್ದನ್ನು ಕಂಡ ಮೇಷ್ಟ್ರು, ನಿನಗೆ ಕೈ ಚೆನ್ನಾಗಿ ಕುದುರಿದೆ ತಾಯಿ, ಇಂದಿನ ಪಾಠ ಬೇಡವೆಂದು ಅವಳನ್ನು ಮನೆಗೆ ಕಳುಹಿಸಿದ್ದರು.

ಇನ್‌ಸ್ಪೆಕ್ಟರ್ ಮುಂದಿನ ಸೀಟಿನಲ್ಲಿ ಕುಳಿತರು, ಮೇಷ್ಟ್ರು ಹಿಂದೆ. ಪರೀಕ್ಷೆಯ ವೇಳೆ ಹಿಂದಿನಿಂದ ಒಂದು ಮಾತು ಬಂದರೂ ಅಭ್ಯರ್ಥಿ ಅನುತ್ತೀರ್ಣ ಎಂಬುದು ನಿಯಮ. ಏರು, ತಿರುವು, ಸಿಗ್ನಲ್ ಎಲ್ಲವನ್ನೂ ಇಸ್ತ್ರಿ ಅಕ್ಕ ಲೀಲಾಜಾಲವಾಗಿ ದಾಟಿದಳು. ನೀರಿನ ಟ್ಯಾಂಕು ಬಂತು. ಅವಳ ಕೈ ಕೀಲಿಯತ್ತ ಸರಿಯುವುದು ಕಂಡಾಗಲಷ್ಟೇ ಮೇಷ್ಟ್ರಿಗೆ ಹಿಂದಿನ ದಿನ ತಾವು ಕೈಬಿಟ್ಟ ಪಾಠ ಯಾವುದೆಂಬುದು ಹೊಳೆದದ್ದು. ಕೂಗಿದರೆ ಅವಳು ಸೋತಳು, ಕೂಗದಿದ್ದರೂ ಸೋತಳು. ಅಷ್ಟರಲ್ಲಿ ಅವಳು ಕೀಲಿ ತಿರುಗಿಸಿಯಾಗಿತ್ತು.

ಸದ್ದಡಗಿತು. ಕಾರು ಉರುಳತೊಡಗಿತು. ಎಂಜಿನ್ ಕೆಟ್ಟಿತೇ ಎಂದು ಇನ್‌ಸ್ಪೆಕ್ಟರ್ ಗಾಬರಿಯಾದರು.

"ಇಲ್ಲ ಸರ್, ನಾನೇ ಆರಿಸ್ದೆ. ಇಳಿಜಾರಲ್ಲಿ ಸುಮ್ನೆ ಯಾಕೆ ಉರಿಬೇಕು ಅಂತ" ಎಂದಳವಳು ಹೆಮ್ಮೆಯಿಂದ.

ಆಗಲೇ ಅಡ್ಡರಸ್ತೆಯಿಂದ ಮೂಟೆ ತುಂಬಿದ ತಳ್ಳುಗಾಡಿಯೊಂದು ಮುಂದೆ ಬಂತು. ಅವಳು ಬ್ರೇಕ್ ಒತ್ತಿದಳು, ಮತ್ತೆ ಒತ್ತಿದಳು. ಮೂರನೆಯ ಸಲಕ್ಕೆ ಅದು ಕಾಲಿಗೆ ಮಣಿಯಲಿಲ್ಲ. ಇನ್‌ಸ್ಪೆಕ್ಟರ್ ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಿಂದ ಜಗ್ಗಿದರು. ಗಾಡಿಯ ಚಕ್ರಕ್ಕೆ ತಾಗಿ ಕಾರು ನಿಂತಿತು. ಗಾಡಿಯವನಿಗೆ ಏನೂ ಆಗಲಿಲ್ಲ. ಎರಡು ಮೂಟೆ ಉರುಳಿದವು, ಬೈಗುಳ ಸಾಕಷ್ಟು ಬಿದ್ದವು.

"ಯಾರಮ್ಮ ಹೇಳ್ಕೊಟ್ಟಿದ್ದು ಇದನ್ನ?" ಎಂದು ಇನ್‌ಸ್ಪೆಕ್ಟರ್ ಕೇಳಿದರು.

ಕನ್ನಡಿಯಲ್ಲಿ ಅವಳ ಕಣ್ಣು ಮೇಷ್ಟ್ರನ್ನು ಒಮ್ಮೆ ನೋಡಿ ಕೆಳಗಿಳಿಯಿತು. "ಯಾರೂ ಇಲ್ಲ ಸರ್. ಅವ್ರಿವ್ರನ್ನ ನೋಡಿ ಕಲ್ತೆ."

ಮೇಷ್ಟ್ರು ಕಿಟಕಿಯತ್ತ ಮುಖ ತಿರುಗಿಸಿದರು. ಮೂವರೂ ಕಚೇರಿಗೆ ಮರಳಿದರು. ಅಲ್ಲಿ ಇನ್‌ಸ್ಪೆಕ್ಟರ್ ವಿವರಿಸಿದ್ದು ಇಷ್ಟು: ಸ್ವಂತ ದುಡುಕಿನಿಂದ ಅಪಾಯ ತಂದವರಿಗೆ ಮೂರು ತಿಂಗಳು ಮರುಪರೀಕ್ಷೆಯಿಲ್ಲ. ಶಾಲೆಯೇ ತಪ್ಪು ಕಲಿಸಿದ್ದರೆ ಅಭ್ಯರ್ಥಿ ಒಂದು ವಾರದಲ್ಲಿ ಮತ್ತೆ ಬರಬಹುದು, ಆದರೆ ಶಾಲೆ ಉಳಿಯುವುದಿಲ್ಲ. ಇಸ್ತ್ರಿ ಅಕ್ಕ ಗೋಡೆಗೊರಗಿ ಕೆಮ್ಮುತ್ತಿದ್ದಳು. ಮೇಷ್ಟ್ರಿಗೆ ಇಪ್ಪತ್ತಾರು ವರ್ಷ ಅನ್ನ ಹಾಕಿದ್ದು ಆ ಶಾಲೆ.

"ಸರ್, ಅವ್ಳಿಗೆ ಸುಳ್ಳು ಹೇಳೋಕೂ ಬರಲ್ಲ. ಕಲಿಸಿದ್ದು ನಾನು. ಪೆಟ್ರೋಲ್ ಉಳಿಸೋಕೆ" ಎಂದರು.

ಆ ಮಧ್ಯಾಹ್ನವೇ ಶಾಲೆಯ ಅನುಮತಿ ರದ್ದಾಯಿತು. ಅನುಮತಿ ಕಳೆದುಕೊಂಡ ಶಾಲೆಯ ಕಾರು ಮರುಪರೀಕ್ಷೆಗೆ ನಡೆಯದ್ದರಿಂದ ಮೇಷ್ಟ್ರು ಎದುರಿನ ಶಾಲೆಯ ಮೆಟ್ಟಿಲು ಹತ್ತಿದರು. ಅದರ ಮಾಲೀಕ ಅವರನ್ನು ಬಹಳ ಹೊತ್ತು ನಿಲ್ಲಿಸಿಯೇ ಮಾತಾಡಿಸಿ, ಕೊನೆಗೆ, "ಕಾರ್ ಕೊಡ್ತೀನಿ, ಪೆಟ್ರೋಲ್ ನಿಮ್ದು. ಇಳಿಜಾರಲ್ಲೂ ಉರಿಬೇಕು, ಗೊತ್ತಾಯ್ತಾ ಮೇಷ್ಟ್ರೇ?" ಎಂದ. ಗೊತ್ತಾಯಿತೆಂದು ಮೇಷ್ಟ್ರು ತಲೆಯಾಡಿಸಿದರು.

ಮಾರ್ಚ್ ೨೯ರ ಮಂಗಳವಾರ ಇಸ್ತ್ರಿ ಅಕ್ಕ ಉತ್ತೀರ್ಣಳಾಗಿ, ಏಪ್ರಿಲ್ ೧ರ ಶುಕ್ರವಾರ ಲಾಂಡ್ರಿಯ ವ್ಯಾನು ಹತ್ತಿದಳು. ಮೇಷ್ಟ್ರ ಕಾರು ಮೇ ೧೮ರಂದು ಗುಜರಿಯವನ ಪಾಲಾಯಿತು. ಅವರು ಈಗ ಬಟ್ಟೆ ಅಂಗಡಿಯೊಂದರ ಮುಂದೆ ಗಿರಾಕಿಗಳ ವಾಹನ ನಿಲ್ಲಿಸುವ ಕೆಲಸದಲ್ಲಿದ್ದಾರೆ. ಸೆಪ್ಟೆಂಬರಿನಲ್ಲಿ ಇಂಧನ ದುಬಾರಿಯೆಂದು ಲಾಂಡ್ರಿಯ ಮಾಲೀಕ ವ್ಯಾನಿನ ಎರಡು ಸುತ್ತನ್ನು ಒಂದಕ್ಕಿಳಿಸಿದ. ಉಳಿದ ಅರ್ಧ ದಿನ ಇಸ್ತ್ರಿ ಅಕ್ಕನನ್ನು ಮತ್ತೆ ಹಬೆಯ ಕೋಣೆಗೆ ಕಳುಹಿಸಿದ.