ಹೊರಗಿನಿಂದ ಓಡಿಸಿದ ಕನ್ನಡ

ಮೊನ್ನೆ ಬೀರು ಒರೆಸುವಾಗ ಹಳೆಯ ಸೀರೆಗಳ ಅಡಿಯಲ್ಲಿ ಕಪ್ಪು ಡಬ್ಬಿಯೊಂದು ಕೈಗೆ ತಗುಲಿತು. ಕಂಪ್ಯೂಟರಿಗೆ ಹೊರಗಿನಿಂದ ಸಿಕ್ಕಿಸುವ ಹಾರ್ಡ್ ಡಿಸ್ಕ್. ತೂಕದಲ್ಲಿ ಇಟ್ಟಿಗೆಯ ತಮ್ಮ. ನೀವು ನಂಬುವುದಾದರೆ ಹೇಳುತ್ತೇನೆ, ನಾನು ಜೀವನದಲ್ಲಿ ಮಾಡಿದ ಒಂದೇ ಬಂಡಾಯಕ್ಕೆ ಇದೇ ಆಯುಧ.

ಹಾರೋಹಳ್ಳಿಯ ಬಯಲಿನಲ್ಲಿ ನೋಡನೋಡುತ್ತಿದ್ದಂತೆ ಶೆಡ್ಡುಗಳು ಏಳುತ್ತಿದ್ದ ಕಾಲ. ಅಂಥದ್ದೊಂದು ಕಾರ್ಖಾನೆಯಲ್ಲಿ ನಾನು ಗುಮಾಸ್ತೆ. ಕನ್ನಡ ಟೈಪಿಂಗ್ ಪಾಸಾದವಳೆಂಬ ಹಮ್ಮು ಬೇರೆ. ಅಲ್ಲಿಯ ಕಂಪ್ಯೂಟರಿಗೆ ಕನ್ನಡವೇ ಬರುತ್ತಿರಲಿಲ್ಲವಾದ್ದರಿಂದ, ಆ ಹಮ್ಮು ಮದುವೆಯಲ್ಲಿ ಉಟ್ಟ ರೇಷ್ಮೆ ಸೀರೆಯಂತೆ ಮಡಿಸಿಯೇ ಇತ್ತು.

ತಗಡು ಒತ್ತುವ ಪ್ರೆಸ್ಸಿನ ಮೇಲೆ ಕೆಂಪಕ್ಷರದ ಇಂಗ್ಲಿಷ್ ಎಚ್ಚರಿಕೆಯೊಂದಿತ್ತು. ಒಂದು ಬೆಳಿಗ್ಗೆ ಸಾತನೂರು ಕಡೆಯ ಪುಟ್ಟತಾಯಮ್ಮ ಯಂತ್ರ ನಿಲ್ಲಿಸದೆ ಸಿಕ್ಕಿಕೊಂಡ ತಗಡು ತೆಗೆಯಲು ಹೋಗಿ ಬೆರಳು ಜಜ್ಜಿಕೊಂಡರು. ನೋಡಲು ಹೋದಾಗ ಅವರು ಅಳಲಿಲ್ಲ, ನನ್ನನ್ನೇ ಕೇಳಿದರು: “ನಾನು ಏಳ್ನೇ ಕ್ಲಾಸು ಓದಿವ್ನಿ ಕಣವ್ವಾ. ಕನ್ನಡದಲ್ಲಿ ಬರ್ದಿದ್ರೆ ನಾನ್ಯಾಕೆ ಕೈ ಇಕ್ತಿದ್ದೆ?”

ಮರುದಿನವೇ ಆ ಎಚ್ಚರಿಕೆಯನ್ನು ಕನ್ನಡದಲ್ಲಿ ಹಾಳೆಯ ಮೇಲೆ ಕೈಯಲ್ಲಿ ಬರೆದು ಅಂಟಿಸಿದೆ. ಮ್ಯಾನೇಜರು ಕಿತ್ತರು. “ಚೀಟಿ ಗೀಟಿ ಅಂಟಿಸೋಕೆ ಇದೇನು ಬಸ್‌ಸ್ಟ್ಯಾಂಡೇನ್ರೀ? ನೋಟೀಸ್ ಅಂದ್ರೆ ಆಫೀಸ್ ಪ್ರಿಂಟರಿಂದ ಬರ್ಬೇಕು. ಆ ಕಂಪ್ಯೂಟರಲ್ಲಿ ಕನ್ನಡ ಇಲ್ಲ. ಅದರೊಳಗೆ ಏನೂ ಹಾಕಕೂಡ್ದು.”

ಪೇಟೆಯಲ್ಲಿ ಅಚ್ಚು ಹಾಕಿಸಿ ಆಫೀಸಿನದೇ ಎನ್ನಬಹುದಿತ್ತು, ನಿಜ. ಆದರೆ ದಿನವಿಡೀ ನಾನು ಕುಟ್ಟುವ ಯಂತ್ರಕ್ಕೆ ನನ್ನ ಮಾತು ಬರುವುದಿಲ್ಲ, ಬರಿಸಲೂ ಕೂಡದು ಎಂದದ್ದು ಎದೆಗೆ ಚುಚ್ಚಿತ್ತು.

ಕನಕಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಇಮ್ರಾನ್ ನನ್ನ ಅಳಲು ಕೇಳಿ ನಕ್ಕ. “ಒಳಗೆ ಹಾಕ್ಬ್ಯಾಡಿ ಅಕ್ಕಾ, ಹೊರಗಿಂದ್ಲೇ ಓಡ್ಸಿ,” ಎಂದು ಈ ಡಬ್ಬಿ ಕೊಟ್ಟ. “ಇದ್ರಲ್ಲಿ ವಿಂಡೋಸಿನ ಬದ್ಲು ಓಡೋ ಲಿನಕ್ಸ್ ಐತೆ, ಕನ್ನಡಾನೂ ಐತೆ. ಇದನ್ನ ಚುಚ್ಚಿ ಆನ್ ಮಾಡಿ. ಅವ್ರ ವಿಂಡೋಸು ಮಲಗೇ ಇರ್ತೈತೆ. ಕಿತ್ಕೊಂಡ್ರೆ ಗುರ್ತೂ ಉಳಿಯಕಿಲ್ಲ.” ಯಾವ ಕೀಲಿ ಒತ್ತಬೇಕೆಂದೂ ತೋರಿಸಿದ.

ಬೆಳಗಿನ ಬಸ್ಸಿನಲ್ಲಿ ಹಿಪ್ಪುನೇರಳೆ ಸೊಪ್ಪಿನ ಮೂಟೆಗಳ ನಡುವೆ ಅದನ್ನು ಮಡಿಲಲ್ಲಿಟ್ಟುಕೊಂಡು, ಕೋಳಿ ಕದ್ದವಳಂತೆ ಕುಳಿತಿದ್ದೆ. ಆಫೀಸಿನಲ್ಲಿ ಮೊದಲ ಸಲ ತಪ್ಪು ಕೀಲಿ ಒತ್ತಿ ವಿಂಡೋಸೇ ಎದ್ದಿತು. ಎರಡನೆಯ ಸಲ ಪರದೆ ಕಪ್ಪಾಯಿತು, ಅಕ್ಷರಗಳು ಸುರಿದವು, ನನ್ನ ನೌಕರಿ ಮುಗಿಯಿತೆಂದುಕೊಂಡೆ. ಆಮೇಲೆ ಪರದೆ ತಿಳಿಯಾಯಿತು. ಮೂಲೆಯಲ್ಲಿ ‘ಅನ್ವಯಗಳು’ ಎಂದಿತ್ತು. ಅದು ‘ಅಪ್ಲಿಕೇಶನ್ಸ್’ಗೆ ಕನ್ನಡವೆಂದು ಆಗ ನನಗೂ ತಿಳಿದಿರಲಿಲ್ಲ. ಆದರೂ ಕಣ್ಣು ತುಂಬಿತು.

‘ಯಂತ್ರ ನಿಲ್ಲಿಸದೆ ಕೈ ಹಾಕಬೇಡಿ.’ ಪ್ರಿಂಟರು ಒಂದಿಷ್ಟು ಗೊಣಗಿ ಹಾಳೆ ಉಗುಳಿತು. ಪ್ರೆಸ್ಸಿಗೆ ಅಂಟಿಸಿ ಬಂದೆ.

ಮ್ಯಾನೇಜರು ಕೆಂಡವಾದರು. “ಏನ್ರೀ ಇನ್‌ಸ್ಟಾಲ್ ಮಾಡಿದ್ದು?”

“ಏನೂ ಇಲ್ಲ ಸಾರ್,” ಎಂದು ಡಿಸ್ಕ್ ಕಿತ್ತು ಮತ್ತೆ ಆನ್ ಮಾಡಿದೆ. ಅವರ ಕಂಪ್ಯೂಟರು ಅವರಿಗೆ ಇದ್ದಂತೆಯೇ ಸಿಕ್ಕಿತು. “ನೀವು ಹೇಳಿದ ಹಾಗೇ ಮಾಡಿದೀನಿ. ಪ್ರಿಂಟರಿನದೇ ನೋಟೀಸು.”

ಅವರು ದಡದಡನೆ ಪ್ರೆಸ್ಸಿನತ್ತ ನಡೆದರು. ಪುಟ್ಟತಾಯಮ್ಮ ಅಂದೇ ಕೆಲಸಕ್ಕೆ ಮರಳಿದ್ದರು. ಬ್ಯಾಂಡೇಜಿನ ಕೈಯನ್ನು ಎದೆಗಾನಿಸಿಕೊಂಡು, ಹಾಳೆಯ ಮುಂದೆ ನಿಂತು ಅಕ್ಷರ ಅಕ್ಷರವಾಗಿ ಗಟ್ಟಿಯಾಗಿ ಓದುತ್ತಿದ್ದರು. ಅವರ ಬೆನ್ನ ಹಿಂದೆ ಮಿಕ್ಕ ಹೆಂಗಸರು ನಿಂತಿದ್ದರು.

“ಕೀಳ್ಬ್ಯಾಡಿ ಸಾ,” ಎಂದರು, ತಿರುಗಿ ನೋಡದೆಯೇ. “ನಾನಿನ್ನೂ ಓದ್ತಾ ಇವ್ನಿ.”

ಮ್ಯಾನೇಜರು ಚಾಚಿದ ಕೈ ಹಿಂದೆ ಸರಿಯಿತು. ಹಾಳೆ ಉಳಿಯಿತು. ನನ್ನನ್ನು ಮಾತ್ರ ಆ ವಾರವೇ ಗೇಟಿನ ಪಕ್ಕದ ಕೋಣೆಗೆ ತಳ್ಳಿದರು. ಅಲ್ಲಿ ಗಾಳಿ ಚೆನ್ನಾಗಿತ್ತು.

ಮೆತ್ತಗಿನವಳು ನಾನು, ಮನೆಯಲ್ಲಿ ಕೇಳಿ ನೋಡಿ. ಆದರೆ ಹಳೆಯದೆಲ್ಲ ನೆನಪಾದ ಮೇಲೆ ಮೈಯೊಳಗೆ ಏನೋ ಹೊಕ್ಕಂತಾಗಿದೆ. ನಿನ್ನೆ ಒಂದು ಕೌಂಟರಿನಲ್ಲಿ ರಸೀದಿಯ ಮೇಲೆ ಹೆಸರು ಕನ್ನಡದಲ್ಲಿರಲಿ ಎಂದೆ. “ಸಿಸ್ಟಮ್ಮಲ್ಲಿ ಬರಲ್ಲ ಮೇಡಂ,” ಎಂದಳು ಹುಡುಗಿ. ಎಂದಿನಂತೆ ‘ಹೋಗಲಿ ಬಿಡಮ್ಮ’ ಎನ್ನಬೇಕಿತ್ತು.

“ಬರುತ್ತಮ್ಮ, ಹುಡುಕು,” ಎಂದು ಕುರ್ಚಿ ಎಳೆದುಕೊಂಡು ಕುಳಿತೆ.